ನಾಲ್ಕು ಬೆರಳು ಸಡಿಲ

ಹನುಮಪ್ಪ ಕನ್ನಡದಲ್ಲಿ ಹೇಳಿದ ಮಾತನ್ನು ನಾನು ಹಿಂದಿಯಲ್ಲಿ ಬೇರೆಯೇ ಮಾಡಿ ಹೇಳಿದೆ. ಬೇಕೆಂದೇ ಹೇಳಿದೆ. ಅದರಿಂದ ಅವನ ಕೆಲಸ ಹೋಯಿತು, ನನ್ನದು ಉಳಿಯಿತು. ಇದನ್ನು ನಾನು ಯಾರಿಗೂ ಹೇಳಿಲ್ಲ. ನನ್ನ ಹೆಂಡತಿಗೂ ಹೇಳಲಿಲ್ಲ, ಅಷ್ಟರಲ್ಲಿ ಅವಳು ತೀರಿಹೋದಳು.

ಹೈದರಾಬಾದಿನಲ್ಲಿ ವಿಮಾನ ಹಾರಿಸಲು ಕಲಿಸುವ ಶಾಲೆಯೊಂದರಲ್ಲಿ ನಾನು ಮೈದಾನದ ಕೆಲಸಗಾರರ ಮೇಸ್ತ್ರಿಯಾಗಿದ್ದೆ. ವಿಮಾನ ಒರೆಸುವುದು, ತಳ್ಳುವುದು, ನಿಲ್ಲಿಸಿದ ಮೇಲೆ ಕಟ್ಟಿಹಾಕುವುದು ನಮ್ಮ ಕೆಲಸ. ಕಲಿಯುವವರ ಆ ಪುಟ್ಟ ವಿಮಾನ ತೀರ ಹಗುರ, ಇಬ್ಬರು ಸೇರಿದರೆ ಕೈಯಿಂದಲೇ ತಿರುಗಿಸಬಹುದು. ಹಾಗೇ ಬಯಲಲ್ಲಿ ಬಿಟ್ಟರೆ ಜೋರು ಗಾಳಿಗೆ ತಾನೇ ಎದ್ದುಬಿಡುತ್ತದೆ. ಅದಕ್ಕೇ ಎರಡು ರೆಕ್ಕೆಗಳಿಂದಲೂ ಬಾಲದಿಂದಲೂ ಹಗ್ಗ ತಂದು, ನೆಲದಲ್ಲಿ ಹುಗಿದ ಕಬ್ಬಿಣದ ಬಳೆಗಳಿಗೆ ಬಿಗಿಯುತ್ತಿದ್ದೆವು.

ನನಗೆ ಕೆಲಸ ಕಲಿಸಿದ ಉಸ್ತಾದರು ನಾರಿನ ಹಗ್ಗದ ಕಾಲದವರು. ನಾರು ಮಳೆಗೆ ನೆನೆದರೆ ಕುಗ್ಗುತ್ತದೆ. ಬಿಗಿಯಾಗಿ ಕಟ್ಟಿದ್ದರೆ ರೆಕ್ಕೆಯನ್ನೇ ಜಗ್ಗುತ್ತದೆ. ಆದ್ದರಿಂದ ನಾಲ್ಕು ಬೆರಳು ತೂರುವಷ್ಟು ಸಡಿಲ ಬಿಡಬೇಕು ಎಂದು ಕಲಿಸಿದ್ದರು. ಆಮೇಲೆ ನೈಲಾನ್ ಹಗ್ಗ ಬಂತು. ಅದು ನೆನೆದರೆ ಕುಗ್ಗುವುದಿಲ್ಲ. ನನಗೆ ಅದು ಗೊತ್ತಿತ್ತೇ? ಗೊತ್ತಿತ್ತು ಅನಿಸುತ್ತದೆ — ಆದರೂ ನಾಲ್ಕು ಬೆರಳು ಬಿಡುತ್ತಲೇ ಇದ್ದೆ.

ಹನುಮಪ್ಪ ಕೊಪ್ಪಳದ ಕಡೆಯವನು. ಹೆಂಡತಿ ಶರಣಮ್ಮನನ್ನು ಕರೆದುಕೊಂಡು ಬಂದು ಇನ್ನೂ ಆರು ತಿಂಗಳಾಗಿರಲಿಲ್ಲ. ಹಿಂದಿ ಬಾರದು, ತೆಲುಗು ಬಾರದು, ಓದು ಬರಹವೂ ಇಲ್ಲ. ಅಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ನಾನು ಹೈಸ್ಕೂಲು ಮುಗಿಸಿದವನು. ಅವನ ಮಾತೆಲ್ಲ ನನ್ನ ಬಾಯಿಂದಲೇ ಹೊರಗೆ ಹೋಗಬೇಕಿತ್ತು. ಅವನ ಕೈಗೆ ಮಾತ್ರ ಯಾರ ಸಹಾಯವೂ ಬೇಕಿರಲಿಲ್ಲ. ಮುಂದಿನ ತಿಂಗಳು ಅವನನ್ನು ಎಂಜಿನ್ ಕೆಲಸ ಕಲಿಯಲು ಒಳಗೆ ತೆಗೆದುಕೊಳ್ಳುವ ಮಾತಿತ್ತು. ನನ್ನನ್ನು ಹಾಗೆ ಯಾರೂ ಕರೆದಿರಲಿಲ್ಲ. ಇದನ್ನೂ ಬರೆಯಬೇಕು.

ಅದು ಮೇ ತಿಂಗಳ ಒಂದು ಮಧ್ಯಾಹ್ನ. ಪಡುವಣದಲ್ಲಿ ಮೋಡ ಕಪ್ಪಾಗಿತ್ತು. ವಿಮಾನ ಇಡುವ ಹ್ಯಾಂಗರಿನೊಳಗೆ ಜಾಗವಿರಲಿಲ್ಲ, ಒಂದು ವಿಮಾನ ಹೊರಗೇ ಉಳಿಯಿತು. ಹನುಮಪ್ಪ ಮೂರೂ ಹಗ್ಗ ಕಟ್ಟಿದ. ನಾನು ಹೋಗಿ ಎಳೆದು ನೋಡಿದೆ. ಒಂದು ಬೆರಳೂ ತೂರುತ್ತಿರಲಿಲ್ಲ.

“ಲೇ ಹನುಮ್ಯಾ, ನಾಕ ಬೆರಳ ಸಡ್ಲ ಬಿಡು.”

“ಅಣ್ಣಾರ, ಇದು ನೈಲಾನ್ ಐತ್ರಿ. ತೊಯ್ದ್ರ ಬಿಗಿ ಆಗಂಗಿಲ್ಲ, ಇನ್ನಷ್ಟು ಹಿಗ್ಗತೈತಿ. ಊರಾಗ ಹತ್ತಿ ಟ್ರ್ಯಾಕ್ಟರಿಗೆ ಇದನ್ನ ಕಟ್ಟತಿದ್ವಿ.”

“ಇದು ನಿಮ್ಮೂರ ಹತ್ತಿ ಟ್ರ್ಯಾಕ್ಟರ್ ಅಲ್ಲೋ. ಇದು ಹಾರೋದು.”

“ಹಾರತೈತಂತನಽ ಬಿಗದೀನ್ರಿ!”

ಅವನು ನಕ್ಕ. ಕೊಂಕಿಲ್ಲದ ನಗೆ. ನನಗೆ ಸಹಿಸಲಾಗಲಿಲ್ಲ. “ಬಿಚ್ಚು,” ಎಂದೆ. ಅವನು ಮೂರೂ ಹಗ್ಗವನ್ನು ನಾನು ಹೇಳಿದಷ್ಟು ಸಡಿಲ ಮಾಡಿದ.

ಗಾಳಿ ಬಂದದ್ದು ಅರ್ಧ ಗಂಟೆಯಲ್ಲಿ. ಹ್ಯಾಂಗರಿನ ಬಾಗಿಲಲ್ಲಿ ನಿಂತು ನೋಡಿದೆವು. ಎಡರೆಕ್ಕೆ ಆ ಸಡಿಲದಷ್ಟು ಮೇಲೆದ್ದು, ತಡೆದು, ಕೆಳಗೆ ಬಿತ್ತು. ಮತ್ತೆ ಎದ್ದಿತು. ಪ್ರತಿ ಸಲವೂ ಹಗ್ಗಕ್ಕೆ ಒಂದು ಏಟು. ಬಿಗಿಯಾಗಿದ್ದರೆ ಏಳುವುದಕ್ಕೇ ಜಾಗ ಇರುತ್ತಿರಲಿಲ್ಲ. ಐದಾರು ಏಟಿಗೆ ನೆಲದ ಬಳೆಯೇ ಕಿತ್ತುಬಂತು. ವಿಮಾನ ಮಗುಚಿ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ನನಗೆ ಆಗ ಏನೂ ಅನ್ನಿಸಲಿಲ್ಲ. ಈಗಲೂ ಆ ದೃಶ್ಯ ಕಣ್ಣಿಗೆ ಬಂದರೆ ಏನೂ ಅನ್ನಿಸುವುದಿಲ್ಲ — ಅದರ ಮುಂದಿನದಕ್ಕೂ ಹಾಗೇ ಇರುತ್ತಿದ್ದರೆ…

ಮಳೆ ನಿಂತ ಮೇಲೆ ಕ್ಯಾಪ್ಟನ್ ಸಾಹೇಬರು ಬಂದರು. ಉತ್ತರದ ಕಡೆಯವರು. ಕಿತ್ತ ಬಳೆಗೆ ಕಟ್ಟಿದಂತೆಯೇ ಉಳಿದಿದ್ದ ಹಗ್ಗದ ಉದ್ದ ನೋಡಿ ಕೇಳಿದರು: “ಇತನಾ ಢೀಲಾ ಕ್ಯೂಂ?” ಇಷ್ಟು ಸಡಿಲ ಯಾಕೆ ಎಂದು ನಾನು ಹನುಮಪ್ಪನಿಗೆ ಕನ್ನಡದಲ್ಲಿ ಹೇಳಿದೆ.

“ನಾ ಬಿಗಿಯಾಗೇ ಕಟ್ಟಿದ್ದೆ ಸಾಹೇಬ್ರ. ಅಣ್ಣಾರು ಸಡ್ಲ ಮಾಡಂದ್ರು, ಮಾಡೀನಿ. ಹೇಳ್ರಿ ಅಣ್ಣಾರ, ಅವರಿಗೆ ಹೇಳ್ರಿ.”

ನಾನು ಹಿಂದಿಯಲ್ಲಿ ಹೇಳಿದ್ದು ಇಷ್ಟು: ಬಿಗಿಯುವುದನ್ನು ಮರೆತೆ, ಗಮನ ಬೇರೆ ಕಡೆ ಇತ್ತು ಅನ್ನುತ್ತಿದ್ದಾನೆ ಸಾಬ್.

ತನ್ನ ಮಾತು ಮುಟ್ಟಿತೆಂದುಕೊಂಡು ಹನುಮಪ್ಪ ಸಾಹೇಬರಿಗೆ ಕೈ ಮುಗಿದ. ತಪ್ಪೊಪ್ಪಿಕೊಂಡು ಮುಗಿದನೆಂದು ಸಾಹೇಬರು ತಿಳಿದರು. ಅವತ್ತೇ ಅವನ ಗೇಟು ಪಾಸು ಕಿತ್ತುಕೊಂಡು ಕೆಲಸದಿಂದ ತೆಗೆದರು.

ಗೇಟಿನವರೆಗೆ ಅವನ ಜೊತೆ ಹೋದೆ. ಯಾಕೆ ಹೋದೆನೋ. ಅಲ್ಲಿ ನಿಂತು ಅವನು ಹೇಳಿದ: “ಸಿಟ್ಟಾಗಬ್ಯಾಡ್ರಿ ಅಣ್ಣಾರ. ಸಡ್ಲ ಮಾಡಿದ ಕೈ ನಂದು, ಅದಕ್ಕ ಕೆಲಸ ನಂದಽ ಹೋತು. ಸಾಹೇಬ್ರ ಮುಂದ ನಿಮ್ಮ ಹೆಸರು ತಗೀಬಾರದಿತ್ತು ನಾ. ನಿಮ್ಮ ಬಾಯಿಲೇ ನಿಮ್ಮ ತಪ್ಪು ಹೇಳಿದ್ರಿ. ಅಂಥಾ ಮಂದಿ ಎಲ್ಲದಾರ್ರಿ?”

“ಇರ್ಲಿ ಬಿಡೋ,” ಎಂದೆ. ನಾನು ಅವನನ್ನು ಕ್ಷಮಿಸಿದೆ.

ಆಮೇಲೆ ಯಾವ ಮೈದಾನದಲ್ಲೂ ಅವನಿಗೆ ಕೆಲಸ ಸಿಗಲಿಲ್ಲ. ಈಗ ಮಿಯಾಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್. ಪ್ರತಿ ಯುಗಾದಿಗೆ ನನ್ನ ಮನೆಗೆ ಬರುತ್ತಾನೆ, ಶರಣಮ್ಮ ಮಾಡಿದ ಹೋಳಿಗೆ ತರುತ್ತಾನೆ, ಹೊರಡುವಾಗ ಆ ಮಾತನ್ನೇ ಹೇಳುತ್ತಾನೆ — ನಿಮ್ಮ ಹೆಸರು ತೆಗೆಯಬಾರದಿತ್ತು. ಅವನಿಗೆ ಈಗ ಹಿಂದಿ ಚೆನ್ನಾಗಿ ಬರುತ್ತದೆ. ಅವತ್ತಿನ ನನ್ನ ಶಬ್ದಗಳು ಅವನ ಕಿವಿಯಲ್ಲಿ ಉಳಿದಿದ್ದರೆ ಎಂದೋ ಅರ್ಥವಾಗಿರಬೇಕಿತ್ತು. ಉಳಿದಿಲ್ಲ. ನನ್ನ ಮುಖ ನೋಡುತ್ತ ನಿಂತಿದ್ದನಲ್ಲ, ಶಬ್ದ ಯಾಕೆ ಕೇಳಿಸಿಕೊಳ್ಳುತ್ತಾನೆ.

ಈ ಯುಗಾದಿಗೂ ಬಂದಿದ್ದ. ಹೊರಡುವಾಗ ಮತ್ತೆ ಅದೇ ಮಾತು. “ಇರ್ಲಿ ಬಿಡೋ” ಅನ್ನಲು ಬಾಯಿ ತೆರೆದೆ, ಆಗಲಿಲ್ಲ. ಅವನು ನನ್ನ ಆರೋಗ್ಯ ಸರಿಯಿಲ್ಲವೆಂದುಕೊಂಡು, ನೀರು ಕುಡಿಸಿ ಹೋದ.

ಭಾನುವಾರ ಮೆಟ್ರೋ ಹತ್ತಿ ಮಿಯಾಪುರಕ್ಕೆ ಹೋಗುತ್ತೇನೆ. ಅವನಿಗೆ ನಾನೇ ಇದನ್ನು ಓದಿ ಹೇಳುವುದು ಬೇಡ. ಓದುತ್ತ ಓದುತ್ತ ಎಲ್ಲೋ ಒಂದು ಸಾಲು ಬಿಟ್ಟೇನು, ಒಂದು ಮಾತು ತಿರುಗಿಸಿಯೇನು. ಶರಣಮ್ಮ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಈ ಹಾಳೆಗಳನ್ನು ಅವಳ ಕೈಗೆ ಕೊಟ್ಟು, ಗಟ್ಟಿಯಾಗಿ ಓದಲು ಹೇಳಿ, ಅವನ ಎದುರಿಗೆ ಕೂರುತ್ತೇನೆ.