ಗಾದಿಲಿಂಗಮ್ಮನ ಅಂಗಾಲು

ಹೊಳಗುಂದದ ಗಾದಿಲಿಂಗಮ್ಮ ಶೇಂಗಾ ಹೊಲದಿಂದ ಮನೆಗೆ ಬಂದಾಗ ಒಂದೇ ಕಾಲಲ್ಲಿ ಚಪ್ಪಲಿಯಿತ್ತು. ಇನ್ನೊಂದು ಎಲ್ಲಿ ಕಳಚಿಬಿತ್ತೋ ಆಕೆಗೆ ತಿಳಿದೇ ಇರಲಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದಗಳು ಜೋಮು ಹಿಡಿದು ವರ್ಷಗಳಾಗಿದ್ದವು. ಕುರಿ ಕಾಯುವ ಗಂಡ ಮಾರಣ್ಣ ನೆಲದ ಮೇಲೆ ರಕ್ತ ಕಂಡು ಆಕೆಯ ಅಂಗಾಲು ತಿರುಗಿಸಿ ನೋಡಿದ. ಯಾವಾಗಲೋ ಮುರಿದ ಜಾಲಿಮುಳ್ಳು ಒಳಗೇ ಉಳಿದು ಕೀವಾಗಿತ್ತು.

ಆದೋನಿಯ ಆಸ್ಪತ್ರೆಗೆ ಹೋಗುವಾಗ ಬಸ್ಸಿನಲ್ಲಿ ಆಕೆ ಮಾರಣ್ಣ ಕೊಟ್ಟ ನೀರನ್ನೂ ಮುಟ್ಟಲಿಲ್ಲ. ಆಕೆಯ ಅಕ್ಕ ಇದೇ ಕಾಯಿಲೆಗೆ ಕಾಲು ಕಳೆದುಕೊಂಡಿದ್ದಳು.

“ಕಾಲು ತೆಗಿತೀರೇನ್ರಿ?” ಎಂದು ಡಾಕ್ಟರಮ್ಮನನ್ನು ಕೇಳಿದಳು.

“ಇಲ್ಲಮ್ಮ, ಎಲುಬಿಗೆ ಮುಟ್ಟಿಲ್ಲ, ಗಾಯ ಮಾಯತೈತಿ. ನರ ಮೊದಲಿನಂಗ ಆಗೋದು ಕಷ್ಟ. ಸಕ್ಕರೆ ಹತೋಟಿಯಾಗ ಇಟ್ಟು, ದಿನಾ ಅಂಗಾಲು ನೋಡ್ಕೋಬೇಕು.”

ಗಾದಿಲಿಂಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಅಂದು ಮೊದಲ ಸಲ ನೀರು ಕೇಳಿ ಕುಡಿದಳು.

ಗಾಯ ಮಾಯಿತು. ಆದರೆ ಬಗ್ಗಿ ಅಂಗಾಲು ನೋಡಿಕೊಳ್ಳುವುದು ಆಕೆಯಿಂದ ಆಗದು. ಸಂಜೆ ಮಾರಣ್ಣ ಪಾದವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಾಗ ನಾಚಿ ಎಳೆದುಕೊಂಡಳು.

“ಗಂಡನ ತೊಡಿ ಮ್ಯಾಲ ಕಾಲು ಇಡಬಾರದು, ಬಿಡ್ರಿ.”

“ಕುರಿ ಗೊರಸಿನ ಮುಳ್ಳು ತೆಗೆಯೋ ಕೈ ಇದು, ನಿನ್ನ ಕಾಲು ನೋಡಬಾರದೇನು? ಸುಮ್ಕಿರು.”

ಈಗ ಸಂಜೆಯಾದರೆ ಆಕೆಯೇ ಲೈಟು ಹಾಕಿ, ಕಾಲು ಚಾಚಿ ಕೂತು, ಅವನನ್ನು ಕರೆಯುತ್ತಾಳೆ.