ನಾಲ್ಕನೇ ಒಗೆತದ ಬಿರುಕು

ಬೆಳಗಿನ ಐದೂವರೆ. ಟೀ ಶರ್ಟಿಗೆ ಚಿತ್ರ ಅಚ್ಚು ಹಾಕುವ ಕಾರ್ಖಾನೆಯ ಹಿಂಭಾಗ, ತಗಡಿನ ಮಾಡಿನ ಕೆಳಗೆ ಆಕೆ ಆಗಲೇ ಮೂರನೇ ಬಕೆಟ್ ತುಂಬಿಸುತ್ತಿದ್ದಾರೆ. ಶರ್ಟಿನ ಒಳಮಗ್ಗುಲು ಹೊರಗೆ ಮಾಡಿ ತಣ್ಣೀರಿನಲ್ಲಿ ಅದ್ದುತ್ತಾರೆ. ಹಿಂಡುವುದಿಲ್ಲ, ಅಂಗೈಯಲ್ಲಿ ಒತ್ತಿ ನೀರಿಳಿಸಿ ನೆರಳಲ್ಲಿ ಹರವುತ್ತಾರೆ. ಒಣಗಿದ್ದನ್ನು ಎರಡೂ ಹೆಬ್ಬೆರಳಿನಿಂದ ಎಳೆದು, ಬೆಳಕಿಗೆ ಹಿಡಿದು, ಚಿತ್ರ ಬಿರಿದಿದೆಯೇ ಎಂದು ನೋಡುತ್ತಾರೆ.

ಪ್ರತಿ ಹೊಸ ಅಚ್ಚಿನ ಒಂದು ಶರ್ಟು ಇವರ ಕೈಯಲ್ಲಿ ಇಪ್ಪತ್ತೈದು ಒಗೆತ ಕಾಣಬೇಕು. ದಿನಕ್ಕೆ ನಲವತ್ತು ಶರ್ಟು, ಹದಿನಾಲ್ಕು ವರ್ಷ. ನಿಮ್ಮ ಶರ್ಟಿನ ಕತ್ತಿನೊಳಗಿನ ಚೀಟಿಯಲ್ಲಿ ‘ಬಿಸಿನೀರು ಬೇಡ, ಚಿತ್ರದ ಮೇಲೆ ಇಸ್ತ್ರಿ ಬೇಡ’ ಎಂದಿದ್ದರೆ ಅದು ಇಂಥವರ ಮಾತು. ಕಾರ್ಖಾನೆಯಲ್ಲಿ ಎಲ್ಲರಿಗೂ ಇವರು ‘ಒಗೆಯೋ ಅಕ್ಕ’. ಸೋಪಿನ ನೀರಿಗೆ ಬೆರಳಿನ ಗೆರೆಗಳೇ ಸವೆದು, ಹಾಜರಿ ಯಂತ್ರಕ್ಕೂ ಗುರುತು ಸಿಗುವುದಿಲ್ಲ. “ಎಲ್ಲರಿಗಿಂತ ಮುಂಚೆ ಬರೋಳು ನಾನು. ಅದು ಮಾತ್ರ ನಾನು ಬಂದೇ ಇಲ್ಲ ಅನ್ನುತ್ತೆ,” ಎಂದು ನಗುತ್ತಾರೆ. ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಕಳೆದ ವರ್ಷ ಒಬ್ಬ ತಾಯಿ ಬಂದು, ತೀರಿಕೊಂಡ ಮಗಳ ಫೋಟೊ ಹಾಕಿ ಮೂವತ್ತು ಶರ್ಟು ಬೇಕೆಂದರು. ಹುಡುಗಿ ಓಟಗಾರ್ತಿ. ಅವಳ ನೆನಪಿನಲ್ಲಿ ಗೆಳತಿಯರೆಲ್ಲ ಓಡುವವರಿದ್ದರು. ದಿನ ಹತ್ತಿರವಿತ್ತು. ಬಣ್ಣ ಕಾಯಿಸಿ ಕೂರಿಸುವ ಯಂತ್ರವನ್ನು ಯಜಮಾನರು ಬೇಗ ಬೇಗ ಓಡಿಸಿದರು. ಅಕ್ಕ ತಮ್ಮ ಪಾಲಿನ ಶರ್ಟು ಒಗೆದರು. ನಾಲ್ಕನೇ ಒಗೆತಕ್ಕೆ ಹುಡುಗಿಯ ಕೆನ್ನೆ ಬಿರಿಯಿತು. ಒಗೆತದ ಲೆಕ್ಕದ ಪುಸ್ತಕದಲ್ಲಿ ‘ನಪಾಸು’ ಎಂದು ಬರೆದು, ಯಜಮಾನರ ಮುಂದೆ ಹಿಡಿದರು. ಒಂದು ದಿನ ಹಾಕಿಕೊಳ್ಳುವ ಬಟ್ಟೆಗೆ ಇಷ್ಟೇ ಸಾಕೆಂದು ಅವರು ಗಂಟು ಕಟ್ಟಿಸಿ ಕಳಿಸಿದರು.

ತಾಯಿಗೆ ಅದು ಒಂದು ದಿನದ ಬಟ್ಟೆಯಾಗಿರಲಿಲ್ಲ. ತಮಗೆಂದು ಇಟ್ಟುಕೊಂಡಿದ್ದನ್ನು ದಿನವೂ ತೊಟ್ಟರು. ಎರಡು ತಿಂಗಳಿಗೆ ಚಿಂದಿಯಾದ ಮುಖ ಹಿಡಿದು ಬಂದರು. ಯಜಮಾನರು ಹಿತ್ತಲಿನಿಂದ ಅಕ್ಕನನ್ನು ಕರೆಸಿ, “ನೀವೇ ಹೇಳಿ ಅಕ್ಕ, ಬಿಸಿನೀರಿಗೆ ಹಾಕಿದ್ರೆ ಏನಾಗುತ್ತೆ?” ಎಂದರು.

“ಬಿರುಕು ಬಿಡುತ್ತೆ ಅಂದೆ,” ಎಂದು ಅಕ್ಕ ಈಗ, ಪತ್ರಿಕೆಗೆ ಬರೆಯಲು ಬಂದಿರುವ ನನಗೆ ಹೇಳುತ್ತಾರೆ. “ಅದು ಸುಳ್ಳಲ್ಲ. ಆದ್ರೆ ನಾನು ಹೇಳಿದ್ದು ಸುಳ್ಳೇ.”

ಒಂದೆರಡು ಸಲ ಬೆಚ್ಚಗಿನ ನೀರಿಗೆ ಹಾಕಿದ್ದು ಆ ತಾಯಿಗೆ ನೆನಪಾಯಿತು. ಹಾಗಾದರೆ ಮಗಳ ಮುಖ ತಾನೇ ಉಜ್ಜಿ ಅಳಿಸಿದೆ ಎಂದು ಮೆಲ್ಲಗೆ ಹೇಳಿ, ಶರ್ಟು ಮಡಿಸಿಕೊಂಡರು. ಹೇಗೆ ಒಗೆಯಬೇಕೆಂದು ಅಕ್ಕನಿಂದ ಕೇಳಿ, ಚೀಟಿಯಲ್ಲಿ ಬರೆದುಕೊಂಡು ಹೋದರು.

ಒಂಬತ್ತನೇ ದಿನ ಅಕ್ಕ ಆ ತಾಯಿಯ ವಿಳಾಸ ಹುಡುಕಿಕೊಂಡು ಹೋಗಿ, ಬಾಗಿಲಲ್ಲೇ ನಿಂತು ಎಲ್ಲ ಹೇಳಿದರು. ತಾಯಿ ಬೈಯಲಿಲ್ಲ. “ಒಂಬತ್ತು ದಿನ ನಾನು ನನ್ನ ಕೈನೇ ನೋಡ್ಕೊಂಡು ಕೂತಿದ್ದೆ. ಅದಕ್ಕೇನು ಮಾಡ್ತೀರಿ?” ಎಂದಷ್ಟೇ ಕೇಳಿ ಬಾಗಿಲು ಹಾಕಿಕೊಂಡರು. ಹೊಸದಾಗಿ ಅಚ್ಚು ಹಾಕಿಕೊಡಿ ಎಂದು ಅಕ್ಕ ಯಜಮಾನರನ್ನು ಕೇಳಿದರು. ನೋಡೋಣ ಎಂದರು. ಇನ್ನೂ ನೋಡುತ್ತಲೇ ಇದ್ದಾರೆ.

ಕೆಲಸ ಯಾಕೆ ಬಿಡಲಿಲ್ಲ ಎಂದು ಕೇಳುತ್ತೇನೆ. ಐವತ್ತಾರರ ವಯಸ್ಸಿಗೆ ಈ ಕೈ ನೋಡಿ ಯಾರು ಕೆಲಸ ಕೊಡುತ್ತಾರೆ ಎಂದು ಅಕ್ಕ ನನಗೇ ಮರುಪ್ರಶ್ನೆ ಹಾಕುತ್ತಾರೆ. ನಾಲ್ಕು ಒಳ್ಳೆಯ ಮಾತು ಬರೆಯುತ್ತೇನೆ ಎಂದು ಎದ್ದಾಗ ಬಕೆಟ್ ಬಿಟ್ಟು ಹತ್ತಿರ ಬರುತ್ತಾರೆ.

“ಆ ಅಮ್ಮ ಪೇಪರ್ ಓದ್ತಾರೆ. ಏನು ಬೇಕಾದ್ರೂ ಬರೀರಿ. ಕೊನೆಗೆ ಅವರು ನನ್ನ ಕ್ಷಮಿಸಿದ್ರು ಅಂತ ಮಾತ್ರ ಬರೀಬೇಡಿ. ಕ್ಷಮಿಸಿಲ್ಲ.”