ದೀಪ ಹಚ್ಚಿದ ಮೇಲೆ ಬರುವ ಕಸದ ಗಾಡಿ

ಬೆಳಗಿನ ಐದೂವರೆ. ಗಾಡಿಯಿಲ್ಲ, ಗಾಡಿಯ ಹಾಡೂ ಇಲ್ಲ. ಮೋನಮ್ಮ ಒಬ್ಬರೇ ಹೆಗಲಿಗೆ ಗೋಣಿಚೀಲ ಹಾಕಿಕೊಂಡು ಬಾಗಿಲು ತಟ್ಟುತ್ತಾ ಬರುತ್ತಿದ್ದಾರೆ. "ಕಸ ಕೊಡ್ರೆವ್ವಾ" ಎನ್ನುತ್ತಾರೆ. ಈ ಹೊತ್ತಿನ ಕೆಲಸ ಅವರ ಹಾಜರಿಗೆ ಸೇರುವುದಿಲ್ಲ. ಮಾಡು ಎಂದು ಯಾರೂ ಹೇಳಿಲ್ಲ. ಕೆಲಸ ಉಳಿದರೆ ಸಾಕೆಂದು ತಾವೇ ಶುರು ಮಾಡಿದ್ದು.

ಶಹಾಪುರದಿಂದ ಸುರಪುರಕ್ಕೆ ಹೋಗುವ ಕಡೆ ಇದೊಂದು ಸಣ್ಣ ಊರು. "ಪೇಪರ್ನ್ಯಾಗ ಊರ ಹೆಸರು ಹಾಕಬ್ಯಾಡ್ರಿ" ಎಂದು ಮೋನಮ್ಮ ಕೈಮುಗಿದಿದ್ದಾರೆ, ಹಾಕುವುದಿಲ್ಲ. ದೇವಾಪುರದಿಂದ ಸೊಸೆಯಾಗಿ ಬಂದವರು. ಗಂಡ ತೀರಿಕೊಂಡ ಮೇಲೆ, ಎಂಟು ವರ್ಷದಿಂದ, ಗುತ್ತಿಗೆದಾರರ ಕೈಕೆಳಗೆ ಅರವತ್ತೆರಡು ಮನೆಗಳ ಕಸ ಎತ್ತುತ್ತಾರೆ. ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾವ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂಬುದು ಬುಟ್ಟಿ ನೋಡಿದರೆ ಅವರಿಗೆ ತಿಳಿಯುತ್ತದೆ. ಇಷ್ಟು ವರ್ಷ ಅವರ ಮೇಲೆ ಒಂದೂ ದೂರು ಇರಲಿಲ್ಲ.

ನಾಲ್ಕು ತಿಂಗಳ ಹಿಂದೆ ಎರಡು ಗಾಡಿಗಳಲ್ಲಿ ಒಂದು ಕೆಟ್ಟು ನಿಂತಿತು. ಉಳಿದದ್ದು ಬೆಳಿಗ್ಗೆ ಬಜಾರಿನ ಕಡೆ ಹೋಗುತ್ತದೆ, ಈ ಓಣಿಗೆ ಬರುವುದು ಸಂಜೆ ಏಳಕ್ಕೆ. ಅಷ್ಟೊತ್ತಿಗೆ ಮನೆಮನೆಯಲ್ಲೂ ದೀಪ ಹಚ್ಚಿರುತ್ತಾರೆ. ದೀಪ ಹಚ್ಚಿದ ಮೇಲೆ ಕಸ ಹೊರಗೆ ಹಾಕಿದರೆ ಜೊತೆಗೆ ಲಕ್ಷ್ಮಿಯೂ ಹೊರಟುಹೋಗುತ್ತಾಳೆ ಎಂದು ಇಲ್ಲಿನ ಹೆಂಗಸರು ನಂಬುತ್ತಾರೆ. ಈ ವೇಳೆ ಗೊತ್ತುಮಾಡಿದವರ ಮನೆಯಲ್ಲೂ ಅದೇ ಪದ್ಧತಿ ಇದ್ದೀತು, ಕಾಗದಕ್ಕೆ ಸಹಿ ಹಾಕುವಾಗ ನೆನಪಾಗಿರಲಿಕ್ಕಿಲ್ಲ. ಗಾಡಿ ಹಾಡುತ್ತಾ ನಿಲ್ಲುತ್ತದೆ, ಯಾವ ಮನೆಯ ಬಾಗಿಲೂ ತೆರೆಯುವುದಿಲ್ಲ. ಮರುದಿನ ಕಸವೆಲ್ಲ ಓಣಿಯ ಮೂಲೆಗೆ ಬಿದ್ದು ಹಂದಿಗಳ ಪಾಲಾಗುತ್ತಿತ್ತು.

"ಅವ್ರಿಗಿ ಏನ್ ಅನ್ಲಿರಿ? ದೀಪ ಹಚ್ಚಿದ ಮ್ಯಾಲ ನಾನೂ ನಮ್ಮ ಮನ್ಯಾಗ ಕಸಬರಗಿ ಮುಟ್ಟಂಗಿಲ್ಲ" ಎನ್ನುತ್ತಾರೆ ಮೋನಮ್ಮ.

ಮೊದಲ ದೂರು ಬರೆಸಿದವರು ಇದೇ ಓಣಿಯ ರತ್ನಾಬಾಯಿ, ದಿನಾ ಮೋನಮ್ಮನಿಗೆ ಚಹಾ ಕೊಡುವವರು. ಈಗ ಪೇಚಾಡಿಕೊಳ್ಳುತ್ತಾರೆ: "ನಾ ಗಾಡಿ ಟೈಮ್ ಮ್ಯಾಲ ಬರಸೀನ್ರಿ, ಆಕಿ ಮ್ಯಾಲ ಅಲ್ಲ." ಆದರೆ ದೂರಿನ ಪುಸ್ತಕದಲ್ಲಿ ಗಾಡಿಯ ಸಮಯಕ್ಕೆ ಜಾಗವಿಲ್ಲ, ಕೆಲಸದವರ ಹೆಸರಿಗಷ್ಟೇ ಇದೆ. ಎರಡನೆಯ ದೂರೂ ಹೀಗೇ ಮೋನಮ್ಮನ ತಲೆಗೆ ಬಂತು. ಮೂರಾದರೆ ಮನೆಗೆ ಕಳಿಸುವುದು ಗುತ್ತಿಗೆದಾರರ ನಿಯಮ. ಒಂದು ತಾಸು ಮುಂಚೆ ಗಾಡಿ ಕಳಿಸಿ ಎಂದು ಮೋನಮ್ಮ ಸೂಪರ್‌ವೈಸರ್ ಭಗವಂತರಾಯರನ್ನು ಬೇಡಿಕೊಂಡರು. "ಇರೋದು ಒಂದೇ ಗಾಡಿ. ದೀಪದ ಮಾತು ನಾ ಯಾರ ಮುಂದ ಹೇಳ್ಲಿ?" ಎಂದರು ಅವರು.

ಅಂದಿನಿಂದ ಈ ನಸುಕಿನ ತಿರುಗಾಟ. ಬೆಳಿಗ್ಗೆ ತಂದ ಏಳೆಂಟು ಚೀಲ ಸಂಜೆ ಗಾಡಿ ಬರುವ ತನಕ ಮೋನಮ್ಮನ ಅಂಗಳದಲ್ಲೇ ಇರುತ್ತಿದ್ದವು. ಓಣಿಯ ಮೂಲೆ ಸ್ವಚ್ಛವಾಯಿತು, ಅರವತ್ತೆರಡು ಮನೆಗಳ ಬಾಯಿ ಮುಚ್ಚಿತು. ಕಳೆದ ಸೋಮವಾರ ಮೂರನೆಯ ದೂರು ಬಂತು, ಪಕ್ಕದ ಮನೆಯ ಬಾಲಪ್ಪನಿಂದ. ಮೋನಮ್ಮನ ಅಂಗಳ ನಾರುತ್ತಿದೆ, ತಮ್ಮ ಮನೆಯ ಕೂಸಿಗೆ ವಾಂತಿಭೇದಿ ಎಂದು.

ಯಾರ ಮೇಲೆ ಸಿಟ್ಟಾಗಬೇಕೋ ನನಗಂತೂ ತಿಳಿಯುತ್ತಿಲ್ಲ. ಮೋನಮ್ಮನಿಗೆ ಸಿಟ್ಟೇ ಇಲ್ಲ. "ಬಾಲಪ್ಪ ಸುಳ್ಳ ಹೇಳಿಲ್ರಿ. ನಾರಾಕತ್ತಿತ್ತು, ನಂಗೂ ಗೊತ್ತದ." ಈಗ ಚೀಲಗಳನ್ನು ಊರಾಚೆಯ ಶೆಡ್ಡಿಗೆ ಹೊತ್ತೊಯ್ದು, ಕೆಟ್ಟು ನಿಂತ ಗಾಡಿಯಲ್ಲಿ ಇಡುತ್ತಾರೆ. ತಿಂಗಳು ಮುಗಿಯುವ ತನಕ ಅಷ್ಟೇ.

ಒಂದನೇ ತಾರೀಖಿನಿಂದ ಬೇರೊಬ್ಬಳು ಬರುತ್ತಾಳೆ. ಗಾಡಿಯ ಸಮಯ ಅದೇ ಏಳು. ಹೊಲದ ಕೂಲಿಗೆ ಹೋಗಲು ಮೋನಮ್ಮನನ್ನು ಮೊಣಕಾಲು ನೋವು ಬಿಡುವುದಿಲ್ಲ. ಮುಂದೇನು ಮಾಡುತ್ತೀರಿ ಎಂದು ಕೇಳಿದೆ. ಗೋಣಿಚೀಲ ಕೊಡವುತ್ತಾ ಹೇಳಿದರು:

"ಗಾಡಿ ಬಂದು ಹೋಗೋತನಕ ನಮ್ಮ ಮನ್ಯಾಗ ದೀಪ ಹಚ್ಚಂಗಿಲ್ರಿ. ಹೊಸಾಕಿಗಿ ಒಂದ್ ಮನಿ ಕಸಾನರ ಸಿಗ್ಲಿ."